ಬಡವರ ಕೈಯಲ್ಲಿ ವೋಟಿದೆ, ಅಧಿಕಾರ ಎಷ್ಟಿದೆ?

ಪ್ರಜಾಪ್ರಭುತ್ವ ನಿಜವಾಗಿಯೂ ಬಡವರ ಕೈಗೆ ಅಧಿಕಾರ ಕೊಡುತ್ತದಾ? ಹೀಗೆ ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಬರುತ್ತವೆ. ಕೋಟ್ಯಧಿಪತಿಗೂ ಒಂದೇ ವೋಟು, ಕೂಲಿ ಮಾಡುವವರಿಗೂ ಒಂದೇ ವೋಟು, ಇದಕ್ಕಿಂತ ಇನ್ನೇನು ಬೇಕು ಅನ್ನುವುದು ಒಂದು. ಯಾರು ಗೆದ್ದರೂ ನಡೆಯೋದು ದುಡ್ಡಿದ್ದವರ ಮಾತೇ, ವೋಟು ಸುಮ್ನೆ ಒಂದು ಶಾಸ್ತ್ರ ಅನ್ನುವುದು ಇನ್ನೊಂದು. ಎರಡರಲ್ಲೂ ನಿಜ ಇದೆ, ಆದರೆ ಎರಡೂ ಅರ್ಧಕ್ಕೇ ನಿಲ್ಲುತ್ತವೆ.

ಅಧಿಕಾರವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕುರ್ಚಿಯಲ್ಲಿ ಕೂತವರನ್ನು ಇಳಿಸುವುದು ಒಂದು ಬಗೆಯ ಅಧಿಕಾರ. ಯಾವ ವಿಷಯ ಚರ್ಚೆಗೆ ಬರಬೇಕು, ಯಾವುದು ಬರಬಾರದು ಎಂದು ನಿರ್ಧರಿಸುವುದು ಬೇರೆಯೇ ಬಗೆಯದು. ಆದ ತೀರ್ಮಾನ ಕಡತದಲ್ಲೇ ಉಳಿಯದೆ ಮನೆ ಬಾಗಿಲಿಗೆ ಬರುವ ಹಾಗೆ ನೋಡಿಕೊಳ್ಳುವುದು ಮತ್ತೊಂದು. ವೋಟು ಮೊದಲನೆಯದನ್ನು ಕೊಡುತ್ತದೆ. ಉಳಿದೆರಡು ತಾವಾಗಿಯೇ ಬರುವುದಿಲ್ಲ. ಅವು ಬಡವರಿಗೆ ಸಿಕ್ಕ ಕಡೆಯಲ್ಲೆಲ್ಲ ಚಿಕ್ಕ ಚಿಕ್ಕ ನಿಯಮಗಳಿಂದ ಸಿಕ್ಕಿವೆ, ಮತ್ತು ಆ ನಿಯಮಗಳ ಹಿಂದೆ ಬಹಳ ಸಲ ಬಡವರದೇ ವರ್ಷಗಟ್ಟಲೆ ಹೋರಾಟ ಇದೆ. ಹಾಗಾಗಿ ಒಂದು ದೇಶ ಪ್ರಜಾಪ್ರಭುತ್ವವೋ ಅಲ್ಲವೋ ಎಂದು ಕೇಳಿದರೆ ಸಾಲದು, ಅಲ್ಲಿನ ನಿಯಮಗಳು ಏನು ಹೇಳುತ್ತವೆ ಅನ್ನೋದನ್ನು ಹತ್ತಿರ ಹೋಗಿ ನೋಡಬೇಕು.

ಮೊದಲು ಒಂದು ಸಣ್ಣ ಲೆಕ್ಕ. ಐದೇ ಜನರಿರುವ ದೇಶ ಅಂದುಕೊಳ್ಳಿ. ಅವರ ಆದಾಯ 10, 10, 15, 20 ಮತ್ತು 145. ಒಟ್ಟು 200, ಸರಾಸರಿ 40. ಐವರಲ್ಲಿ ನಾಲ್ವರು ಸರಾಸರಿಗಿಂತ ಕೆಳಗಿದ್ದಾರೆ. ಬಹುಮತಕ್ಕೆ ಮೂರು ವೋಟು ಸಾಕು. ಹಾಗಾದರೆ ಐದನೆಯವನಿಗೆ ಜಾಸ್ತಿ ತೆರಿಗೆ ಹಾಕಿ ಎಲ್ಲರಿಗೂ ಹಂಚುವ ಪಕ್ಷವೇ ಪ್ರತಿ ಸಲ ಗೆಲ್ಲಬೇಕು, ಅಲ್ವಾ? 1981ರಲ್ಲಿ ಆಲನ್ ಮೆಲ್ಟ್ಜರ್ ಮತ್ತು ಸ್ಕಾಟ್ ರಿಚರ್ಡ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನೇ ಗಣಿತದ ರೂಪದಲ್ಲಿ ಬರೆದರು. ಅದಕ್ಕೂ ಎರಡು ಸಾವಿರ ವರ್ಷಕ್ಕಿಂತ ಹಿಂದೆ ಅರಿಸ್ಟಾಟಲ್ ಇದೇ ಮಾತನ್ನು ಇನ್ನೂ ನೇರವಾಗಿ ಹೇಳಿದ್ದ: ಪ್ರಜಾಪ್ರಭುತ್ವ ಅಂದರೆ ಬಡವರ ಆಳ್ವಿಕೆ, ಎಲ್ಲ ಕಡೆ ಬಡವರೇ ಜಾಸ್ತಿ ಇರುವುದರಿಂದ ಅದು ಹೆಚ್ಚು ಜನರ ಆಳ್ವಿಕೆಯೂ ಆಗಿರುತ್ತದೆ. ಆಸ್ತಿವಂತರು ಶತಮಾನಗಳ ಕಾಲ ಬಡವರ ವೋಟಿಗೆ ಹೆದರಿದ್ದು ಇದಕ್ಕೇ.

ಈ ಲೆಕ್ಕ ಪೂರ್ತಿ ಸುಳ್ಳಾಗಿಲ್ಲ. 20ನೇ ಶತಮಾನದಲ್ಲಿ ಯುರೋಪಿನಲ್ಲಿ ಎಲ್ಲರಿಗೂ ವೋಟು ಬಂದ ಮೇಲೆ ಪಿಂಚಣಿ, ನಿರುದ್ಯೋಗ ಭತ್ಯೆ, ಸರ್ಕಾರಿ ಆಸ್ಪತ್ರೆ, ಶಾಲೆ ಎಲ್ಲವೂ ಬೆಳೆದವು. ಬ್ರಿಟನ್ನಿನಲ್ಲಿ 1945ರ ಚುನಾವಣೆಯಲ್ಲಿ ಲೇಬರ್ ಪಕ್ಷ ಗೆದ್ದಿತು, 1948ರಲ್ಲಿ ದುಡ್ಡಿಲ್ಲದವರಿಗೂ ಚಿಕಿತ್ಸೆ ಕೊಡುವ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾಯಿತು. ಇಷ್ಟಾದರೂ ಲೆಕ್ಕ ಹೇಳುವಷ್ಟು ಹಂಚಿಕೆ ಎಲ್ಲಿಯೂ ಆಗಿಲ್ಲ. ಯಾಕೆ?

ಒಂದು ಕಾರಣ, ವೋಟಿನ ಹಕ್ಕು ಬೇರೆ, ಹೆದರಿಕೆಯಿಲ್ಲದೆ ವೋಟು ಹಾಕುವುದು ಬೇರೆ. ಇದನ್ನು ಬ್ರಿಟನ್ನಿನ ಕೂಲಿಕಾರರು ಎಲ್ಲರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. 1838ರಲ್ಲಿ ಚಾರ್ಟಿಸ್ಟರು ಎಂದು ಹೆಸರಾದ ಚಳವಳಿಯವರು ಆರು ಬೇಡಿಕೆ ಮುಂದಿಟ್ಟರು: ವಯಸ್ಸಿಗೆ ಬಂದ ಗಂಡಸರಿಗೆಲ್ಲ ವೋಟು, ಗುಟ್ಟಾಗಿ ಮತದಾನ, ಸಂಸದರಾಗಲು ಆಸ್ತಿ ಇರಬೇಕೆಂಬ ನಿಯಮ ರದ್ದು, ಸಂಸದರಿಗೆ ಸಂಬಳ, ಎಲ್ಲ ಕ್ಷೇತ್ರಗಳಲ್ಲೂ ಸಮ ಸಂಖ್ಯೆಯ ಮತದಾರರು, ವರ್ಷಕ್ಕೊಮ್ಮೆ ಚುನಾವಣೆ. ಹೆಂಗಸರನ್ನು ಅವರು ಬಿಟ್ಟೇಬಿಟ್ಟರು, ಅದು ದೊಡ್ಡ ಕೊರತೆ. ಆದರೆ ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಬರೀ ವೋಟು ಕೊಡಿ ಅಂತ ಕೇಳಿಲ್ಲ. ವೋಟು ಕೆಲಸ ಮಾಡಬೇಕಾದರೆ ಸುತ್ತ ಏನೇನು ಇರಬೇಕೋ ಅದನ್ನೆಲ್ಲ ಕೇಳಿದ್ದಾರೆ. ಸಂಸದರಿಗೆ ಸಂಬಳ ಯಾಕೆ? ಸಂಬಳ ಇಲ್ಲದಿದ್ದರೆ ದುಡಿಯದೆ ಬದುಕಬಲ್ಲವರು ಮಾತ್ರ ಸಂಸತ್ತಿಗೆ ಹೋಗಿ ಕೂರಲು ಸಾಧ್ಯ, ಅದಕ್ಕೆ. 1842ರಲ್ಲಿ 30 ಲಕ್ಷಕ್ಕೂ ಹೆಚ್ಚು ಸಹಿಗಳ ಮನವಿ ಕೊಟ್ಟರು. ಸಂಸತ್ತು ತಳ್ಳಿಹಾಕಿತು. ಆಮೇಲೆ ಆಸ್ತಿಯ ಷರತ್ತು 1858ರಲ್ಲಿ ಹೋಯಿತು, ಗುಟ್ಟಿನ ಮತದಾನ 1872ರಲ್ಲಿ ಬಂತು, ಸಂಬಳ 1911ರಲ್ಲಿ, ಗಂಡಸರಿಗೆಲ್ಲ ವೋಟು 1918ರಲ್ಲಿ. ಹೆಂಗಸರಿಗೆ ಗಂಡಸರಷ್ಟೇ ಹಕ್ಕು ಸಿಕ್ಕಿದ್ದು 1928ರಲ್ಲಿ. ಆರರಲ್ಲಿ ಜಾರಿಯಾಗದೆ ಉಳಿದದ್ದು ವರ್ಷಕ್ಕೊಮ್ಮೆ ಚುನಾವಣೆ ಒಂದೇ.

ಗುಟ್ಟಿನ ಮತದಾನದ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು, ಯಾಕಂದ್ರೆ ಇವತ್ತು ನಾವು ಅದನ್ನು ಗಮನಿಸುವುದೇ ಇಲ್ಲ. 1872ಕ್ಕೆ ಮೊದಲು ಅಲ್ಲಿ ಮತದಾರ ಎಲ್ಲರೆದುರು ನಿಂತು, ನನ್ನ ವೋಟು ಇಂಥವರಿಗೆ ಎಂದು ಬಾಯಿಬಿಟ್ಟು ಹೇಳಬೇಕಿತ್ತು. ಗುಮಾಸ್ತ ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಯಾರು ಯಾರಿಗೆ ವೋಟು ಹಾಕಿದರು ಅನ್ನುವ ಆ ಪಟ್ಟಿಗಳನ್ನು ಎಷ್ಟೋ ಕಡೆ ಅಚ್ಚು ಹಾಕಿಸಿ ಮಾರುತ್ತಿದ್ದರು. ಈಗ ಒಬ್ಬ ಗೇಣಿದಾರನನ್ನು ಅಲ್ಲಿ ನಿಲ್ಲಿಸಿ ನೋಡಿ. ಅವನು ಉಳುವ ಹೊಲ, ಮಲಗುವ ಮನೆ ಎರಡೂ ಭೂಮಾಲೀಕನದು. ಮಾಲೀಕನ ಕಡೆಯವರು ಎದುರಿಗೇ ನಿಂತಿದ್ದಾರೆ. ಅವನಿಗೆ ಹಕ್ಕಿದೆ, ಕಾನೂನೂ ಅವನ ಪರವಾಗಿಯೇ ಇದೆ, ಆದರೆ ಮನಸ್ಸಿನಲ್ಲಿರುವ ಹೆಸರು ಬಾಯಿಗೆ ಬರುವುದಿಲ್ಲ. 1868ರ ಚುನಾವಣೆಯಲ್ಲಿ ವೇಲ್ಸ್ ಪ್ರಾಂತ್ಯದ ಕೆಲವು ಗೇಣಿದಾರರು ಧೈರ್ಯ ಮಾಡಿ ಮಾಲೀಕರ ಇಷ್ಟಕ್ಕೆ ವಿರುದ್ಧವಾಗಿ ವೋಟು ಹಾಕಿದರು. ಅವರನ್ನು ಒಕ್ಕಲೆಬ್ಬಿಸಿದರು. ಸರ್ಕಾರವೇ ಅಚ್ಚು ಹಾಕಿಸಿದ ಮತಪತ್ರ, ಮರೆಯಲ್ಲಿ ಗುರುತು ಹಾಕುವ ಜಾಗ, ಮುಚ್ಚಿದ ಪೆಟ್ಟಿಗೆ: 1856ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾದಲ್ಲಿ ಶುರುವಾದ ಈ ಸಾದಾ ಏರ್ಪಾಡು ಎಷ್ಟೋ ದೊಡ್ಡ ಭಾಷಣಗಳಿಗಿಂತ ಜಾಸ್ತಿ ಕೆಲಸ ಮಾಡಿದೆ ಅಂತ ನನ್ನ ನಂಬಿಕೆ.

ಆ ಗುಟ್ಟು ಎಲ್ಲ ಕಡೆ ಪೂರ್ತಿ ಉಳಿದಿದೆಯಾ? ಭಾರತದಲ್ಲಿ ಮತಯಂತ್ರಗಳ ಎಣಿಕೆ ಮತಗಟ್ಟೆವಾರು ಹೊರಗೆ ಬರುತ್ತದೆ. ಒಬ್ಬೊಬ್ಬರ ವೋಟು ಗುಟ್ಟಾಗಿರುತ್ತದೆ ನಿಜ, ಆದರೆ ಒಂದು ಕೇರಿಯ, ಒಂದು ಚಿಕ್ಕ ಹಳ್ಳಿಯ ವೋಟು ಗುಟ್ಟಾಗಿ ಉಳಿಯುವುದಿಲ್ಲ. ಅಲ್ಲಿಂದ ನಮಗೆ ವೋಟು ಬಂದಿಲ್ಲ, ಅಲ್ಲಿಗೆ ರಸ್ತೆ ಯಾಕೆ ಅಂತ ಗೆದ್ದವರು ಕೇಳಬಹುದು. ಇದಕ್ಕೆ ಪರಿಹಾರವಾಗಿ ಹಲವು ಮತಗಟ್ಟೆಗಳ ವೋಟನ್ನು ಬೆರೆಸಿ ಎಣಿಸುವ ಟೋಟಲೈಸರ್ ಎಂಬ ಯಂತ್ರ ಬಳಸೋಣ ಎಂದು ಚುನಾವಣಾ ಆಯೋಗ 2008ರಲ್ಲೇ ಸಲಹೆ ಕೊಟ್ಟಿತ್ತು. ಅದು ಜಾರಿಗೆ ಬಂದಿಲ್ಲ.

ಹೆದರಿಕೆ ಹೋಯಿತು ಅನ್ನಿ. ಆಮೇಲೂ ಮತಪತ್ರವೇ ಬಡವರನ್ನು ಹೊರಗಿಡಬಹುದು. ಬ್ರೆಜಿಲ್‌ನಲ್ಲಿ ನಡೆದದ್ದು ಇದಕ್ಕೆ ಬಹಳ ಒಳ್ಳೆಯ ಉದಾಹರಣೆ. ಅಲ್ಲಿ ಓದು ಬರಹ ಬಾರದವರಿಗೆ ವೋಟಿನ ಹಕ್ಕು ಸಿಕ್ಕಿದ್ದು 1985ರಲ್ಲಿ. ಆದರೆ ಶಾಸಕರ ಚುನಾವಣೆಯ ಮತಪತ್ರದಲ್ಲಿ ಅಭ್ಯರ್ಥಿಗಳ ಪಟ್ಟಿಯೇ ಇರುತ್ತಿರಲಿಲ್ಲ, ಖಾಲಿ ಜಾಗ ಇರುತ್ತಿತ್ತು. ಮತದಾರರೇ ಅಭ್ಯರ್ಥಿಯ ಹೆಸರನ್ನೋ ಸಂಖ್ಯೆಯನ್ನೋ ಬರೆಯಬೇಕು. ಬರೆಯಲು ಬಾರದವರ ವೋಟು ಖಾಲಿ ಬೀಳುತ್ತಿತ್ತು, ಇಲ್ಲವೇ ಅಸಿಂಧುವಾಗುತ್ತಿತ್ತು. 1990ರ ದಶಕದ ಕೊನೆಗೆ ಮತಯಂತ್ರ ಬಂತು. ಫೋನಿನಲ್ಲಿರುವಂಥ ಅಂಕಿಗಳ ಗುಂಡಿ, ಸಂಖ್ಯೆ ಒತ್ತಿದ ಕೂಡಲೇ ಪರದೆ ಮೇಲೆ ಅಭ್ಯರ್ಥಿಯ ಫೋಟೋ, ಸರಿಯಿದ್ದರೆ ಹಸಿರು ಗುಂಡಿ. ಎಣಿಕೆ ಬೇಗ ಮುಗಿಯಲಿ, ಮೋಸ ಕಡಿಮೆಯಾಗಲಿ ಎಂದು ತಂದದ್ದು ಅದು. 1998ರಲ್ಲಿ 40,500ಕ್ಕಿಂತ ಹೆಚ್ಚು ಮತದಾರರಿದ್ದ ಪಟ್ಟಣಗಳಿಗೆ ಯಂತ್ರ, ಉಳಿದವಕ್ಕೆ ಹಳೆಯ ಕಾಗದ. ಈ ವ್ಯತ್ಯಾಸವನ್ನೇ ಹಿಡಿದು ಥಾಮಸ್ ಫುಜಿವಾರಾ ಎಂಬ ಅರ್ಥಶಾಸ್ತ್ರಜ್ಞ ಎರಡೂ ಬಗೆಯ ಊರುಗಳನ್ನು ಹೋಲಿಸಿ ನೋಡಿದರು. ಯಂತ್ರ ಬಂದ ಕಡೆ ಚಲಾವಣೆಯಾದ ಮತಗಳಲ್ಲಿ ಶೇ 10ಕ್ಕಿಂತ ಹೆಚ್ಚು ಪಾಲು ವ್ಯರ್ಥವಾಗುವುದು ತಪ್ಪಿತ್ತು. ಹೀಗೆ ಹೊಸದಾಗಿ ಲೆಕ್ಕಕ್ಕೆ ಬಂದ ವೋಟುಗಳಲ್ಲಿ ಬಹುಪಾಲು ಬಡವರವು. ಅದರ ಹಿಂದೆಯೇ ರಾಜ್ಯ ಸರ್ಕಾರಗಳು ಆರೋಗ್ಯಕ್ಕೆ ಖರ್ಚು ಹೆಚ್ಚಿಸಿದವು, ಹೆಚ್ಚು ಓದದ ಬಸುರಿ ಹೆಂಗಸರು ವೈದ್ಯರ ಬಳಿ ಹೋಗುವುದು ಜಾಸ್ತಿಯಾಯಿತು, ಅವರಿಗೆ ತೂಕ ಕಡಿಮೆಯ ಮಕ್ಕಳು ಹುಟ್ಟುವುದು ಕಡಿಮೆಯಾಯಿತು. ಹೊಸ ಕಾನೂನಿಲ್ಲ, ಕ್ರಾಂತಿಯಿಲ್ಲ. ಇದ್ದ ವೋಟು ಎಣಿಕೆಗೆ ಸಿಕ್ಕಿತು, ಅಷ್ಟೇ.

ವೋಟಿನಿಂದ ಏನೂ ಆಗಲ್ಲ ಅನ್ನುವವರು ಇದನ್ನು ನೋಡಬೇಕು. ಆಗದೆ ಇದ್ದಿದ್ದರೆ ಬಡವರನ್ನು ಪಟ್ಟಿಯಿಂದ ಹೊರಗಿಡಲು ಯಾರೂ ಇಷ್ಟು ಕಷ್ಟಪಡುತ್ತಿರಲಿಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರಿಗೆ ಕಾಗದದ ಮೇಲೆ 1870ರಿಂದಲೇ ಹಕ್ಕಿತ್ತು. ಆದರೆ ಸಾಕ್ಷರತೆಯ ಪರೀಕ್ಷೆ, ಮತದಾನಕ್ಕೆ ತೆರಿಗೆ, ಬೆದರಿಕೆ ಎಲ್ಲ ಸೇರಿ ಮಿಸಿಸಿಪ್ಪಿಯಲ್ಲಿ 1964ರ ಹೊತ್ತಿಗೆ ವೋಟು ಹಾಕುವ ವಯಸ್ಸಿನ ಕಪ್ಪು ಜನರಲ್ಲಿ ಪಟ್ಟಿಯಲ್ಲಿದ್ದವರು ಶೇ 7ರಷ್ಟೂ ಇರಲಿಲ್ಲ. 1965ರ ಮತದಾನ ಹಕ್ಕು ಕಾಯ್ದೆ ಬಂದು ಎರಡೇ ವರ್ಷಕ್ಕೆ ಅದು ಶೇ 60ರ ಹತ್ತಿರಕ್ಕೆ ಬಂತು.

ಇನ್ನು ವೋಟು ಏನನ್ನು ಚೆನ್ನಾಗಿ ಮಾಡುತ್ತದೆ, ಏನನ್ನು ಮಾಡುವುದಿಲ್ಲ ಅನ್ನುವ ಪ್ರಶ್ನೆ. ಅಮರ್ತ್ಯ ಸೇನ್ ಇದಕ್ಕೆ ಒಳ್ಳೆಯ ದಾರಿ ತೋರಿಸಿದ್ದಾರೆ. ಚುನಾವಣೆಯೂ ಸ್ವತಂತ್ರ ಪತ್ರಿಕೆಗಳೂ ಇರುವ ದೇಶದಲ್ಲಿ ದೊಡ್ಡ ಬರಗಾಲದ ಸಾವುಗಳು ಆಗುವುದಿಲ್ಲ ಅನ್ನುವುದು ಅವರ ಮಾತು. 1943ರಲ್ಲಿ ಬ್ರಿಟಿಷರ ಆಳ್ವಿಕೆಯಲ್ಲಿ ಬಂಗಾಳದಲ್ಲಿ ಸುಮಾರು 30 ಲಕ್ಷ ಜನ ಸತ್ತರು, ಆಳುವವರು ಯಾರ ವೋಟನ್ನೂ ಕಳೆದುಕೊಳ್ಳಬೇಕಾಗಿರಲಿಲ್ಲ. ಚೀನಾದಲ್ಲಿ 1958ರಿಂದ 61ರವರೆಗೆ ಕೋಟಿಗಟ್ಟಲೆ ಜನ ಹಸಿವಿನಿಂದ ಸತ್ತರು, ಅದನ್ನು ಬರೆಯುವ ಪತ್ರಿಕೆಯಿರಲಿಲ್ಲ, ಸರ್ಕಾರ ಬದಲಿಸುವ ದಾರಿಯೂ ಇರಲಿಲ್ಲ. ಸ್ವತಂತ್ರ ಭಾರತದಲ್ಲಿ ಅಂಥದ್ದು ಆಗಿಲ್ಲ. ಆದರೆ ಅದೇ ಸೇನ್ ಇನ್ನೊಂದನ್ನೂ ಹೇಳುತ್ತಾರೆ: ಬರಗಾಲ ತಪ್ಪಿಸಿದ ಭಾರತ ದಿನದಿನದ ಅರೆಹೊಟ್ಟೆಯನ್ನು, ಮಕ್ಕಳ ಅಪೌಷ್ಟಿಕತೆಯನ್ನು ತಪ್ಪಿಸಲಿಲ್ಲ. ಒಂದೇ ವಾರದಲ್ಲಿ ಸಾವಿರ ಜನ ಸತ್ತರೆ ಅದು ಸುದ್ದಿ, ಮಂತ್ರಿ ರಾಜೀನಾಮೆ ಕೊಡಬೇಕಾಗುತ್ತದೆ. ಮಗು ಬೆಳೆಯಬೇಕಾದಷ್ಟು ಬೆಳೆಯದೆ ಉಳಿದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಚುನಾವಣೆಯ ಹೆದರಿಕೆ ಕಣ್ಣಿಗೆ ಬೀಳುವ ತಪ್ಪಿಗೆ ಮಾತ್ರ ಕೆಲಸ ಮಾಡುತ್ತದೆ.

ಇಳಿಸುವ ಅಧಿಕಾರದ ಮಿತಿ ಇಲ್ಲೇ ಇರುವುದು. ಒಂದು ವೋಟಿನಲ್ಲಿ ನೂರು ವಿಷಯ ಸೇರಿರುತ್ತವೆ. ಒಬ್ಬ ತಾಯಿಗೆ ಆಸ್ಪತ್ರೆ ಬೇಕು, ಒಳ್ಳೆಯ ಶಾಲೆ ಬೇಕು, ಕೂಲಿ ಏರಬೇಕು, ಜೊತೆಗೆ ತನ್ನ ಜನರಿಗೆ ಅವಮಾನ ಆಗಬಾರದು. ಎಲ್ಲಕ್ಕೂ ಸೇರಿ ಅವಳ ಹತ್ತಿರ ಇರುವುದು ಒಂದೇ ಗುರುತು, ಅದೂ ಕೆಲವು ವರ್ಷಕ್ಕೊಮ್ಮೆ. ಆ ಐದು ಜನರ ಲೆಕ್ಕ ತಪ್ಪುವುದಕ್ಕೆ ಇದು ಮುಖ್ಯ ಕಾರಣ. ಅಲ್ಲಿ ಎಲ್ಲರೂ ಆದಾಯ ಒಂದನ್ನೇ ನೋಡಿ ವೋಟು ಹಾಕುತ್ತಾರೆ ಎಂದುಕೊಂಡಿದ್ದೆವು. ನಿಜವಾಗಿ ಜನ ಧರ್ಮ, ಭಾಷೆ, ಬಣ್ಣ, ಜಾತಿ, ದೇಶಾಭಿಮಾನ ಎಲ್ಲವನ್ನೂ ನೋಡುತ್ತಾರೆ. 10 ಇದ್ದ ಇಬ್ಬರೂ ಒಂದೇ ಕಡೆ ನಿಲ್ಲುವುದಿಲ್ಲ. ಅವರು ಒಂದಾಗದಿದ್ದರೆ ಯಾರಿಗೆ ಅನುಕೂಲವೋ ಅವರು ಅದಕ್ಕೆ ದುಡ್ಡನ್ನೂ ಸುರಿಯುತ್ತಾರೆ. ತೆರಿಗೆ ಹಾಕಿದರೆ ಬಂಡವಾಳ ಬೇರೆ ದೇಶಕ್ಕೆ ಹೋಗುತ್ತದೆ, ಕೆಲಸ ಹೋಗುತ್ತದೆ ಅನ್ನುವ ಎಚ್ಚರಿಕೆಯೂ ಬರುತ್ತದೆ. ಅದು ಕೆಲವು ಸಲ ನಿಜವೂ ಆಗಿರುತ್ತದೆ.

ಒಂದು ಚುನಾವಣೆಗೂ ಇನ್ನೊಂದಕ್ಕೂ ನಡುವಿನ ವರ್ಷಗಳಲ್ಲಿ ಯಾರ ಮಾತು ಕೇಳುತ್ತದೆ? ಅಮೆರಿಕದ ಮಾರ್ಟಿನ್ ಗಿಲೆನ್ಸ್ ಮತ್ತು ಬೆಂಜಮಿನ್ ಪೇಜ್ 1981ರಿಂದ 2002ರವರೆಗಿನ 1,779 ನೀತಿ ವಿಷಯಗಳನ್ನು ತೆಗೆದುಕೊಂಡು, ಸಾಮಾನ್ಯರು ಏನು ಬಯಸಿದರು, ಸಿರಿವಂತರು ಏನು ಬಯಸಿದರು, ಕೊನೆಗೆ ಏನಾಯಿತು ಎಂದು ಹೋಲಿಸಿದರು. ಸಿರಿವಂತರ ಮತ್ತು ಸಂಘಟಿತ ಉದ್ಯಮಗಳ ಇಷ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಸಾಮಾನ್ಯರ ಇಷ್ಟಕ್ಕೆ ಪ್ರತ್ಯೇಕವಾದ ಪ್ರಭಾವ ಹೆಚ್ಚುಕಡಿಮೆ ಸೊನ್ನೆ ಅನ್ನುವುದು 2014ರಲ್ಲಿ ಪ್ರಕಟವಾದ ಅವರ ತೀರ್ಮಾನ. ಇದಕ್ಕೆ ಆಕ್ಷೇಪಗಳೂ ಬಂದವು. ಬಹುಪಾಲು ವಿಷಯಗಳಲ್ಲಿ ಇಬ್ಬರೂ ಬಯಸುವುದು ಒಂದನ್ನೇ, ಹಾಗಾಗಿ ಸಾಮಾನ್ಯರು ಯಾವಾಗಲೂ ಸೋಲುತ್ತಾರೆ ಅನ್ನಲಾಗದು ಎಂದು ಬೇರೆ ವಿದ್ವಾಂಸರು ತೋರಿಸಿದರು. ಆಕ್ಷೇಪ ಸರಿ ಅಂತಲೇ ಇಟ್ಟುಕೊಳ್ಳೋಣ. ಆಗಲೂ ಸಾಮಾನ್ಯರಿಗೆ ಸಿಗುವುದು ಸಿರಿವಂತರಿಗೂ ಅದೇ ಬೇಕಾದಾಗ ಅಂತಾದರೆ, ಅದನ್ನು ಅಧಿಕಾರ ಅಂತ ಕರೆಯಲು ನನಗಂತೂ ಮನಸ್ಸು ಬರುವುದಿಲ್ಲ.

ಇದರ ಹಿಂದೆ ದುಡ್ಡಿದೆ. ಪ್ರಚಾರಕ್ಕೆ ದುಡ್ಡು ಬೇಕು, ಕೊಡುವವರು ಕೆಲವರೇ, ಕೊಟ್ಟವರ ಫೋನನ್ನು ತೆಗೆಯದೆ ಇರಲಾಗುವುದಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲಿ ಕಂಪನಿಗಳು ಚುನಾವಣೆಯಲ್ಲಿ ತಾವೇ ಎಷ್ಟು ಬೇಕಾದರೂ ಖರ್ಚು ಮಾಡಬಹುದು ಅಂದಿತು. ಭಾರತದಲ್ಲಿ 2018ರಲ್ಲಿ ಬಂದ ಚುನಾವಣಾ ಬಾಂಡ್‌ಗಳಲ್ಲಿ ಯಾರು ಯಾವ ಪಕ್ಷಕ್ಕೆ ಎಷ್ಟು ಕೊಟ್ಟರು ಎಂದು ಮತದಾರರಿಗೆ ಗೊತ್ತಾಗುತ್ತಿರಲಿಲ್ಲ, 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಬಡವರು ದುಡ್ಡು ತೆಗೆದುಕೊಂಡು ವೋಟು ಮಾರಿಕೊಳ್ಳುತ್ತಾರೆ ಎಂದು ಬೈಯುವವರು ಬಹಳ. ಆದರೆ ಕೊಟ್ಟ ಮಾತು ಎಂದೂ ಉಳಿಯದ ಕಡೆ ಕೈಗೆ ಬಂದ ನೋಟು ಒಂದೇ ಖಾತ್ರಿ. ದುಡ್ಡು ಕೊಟ್ಟು ನೀತಿಯನ್ನೇ ತಮ್ಮ ಕಡೆಗೆ ತಿರುಗಿಸಿಕೊಳ್ಳುವವರನ್ನು ಬಿಟ್ಟು ಇವರನ್ನು ಮಾತ್ರ ಬೈಯುವುದು ನ್ಯಾಯವಲ್ಲ.

ಯಾರು ಸಭೆಯಲ್ಲಿ ಕೂತಿದ್ದಾರೆ ಅನ್ನುವುದೂ ಮುಖ್ಯ. ಭಾರತದ ಸಂವಿಧಾನಕ್ಕೆ 1992ರಲ್ಲಿ ಆದ 73ನೇ ತಿದ್ದುಪಡಿ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಕನಿಷ್ಠ ಮೂರನೇ ಒಂದು ಸ್ಥಾನ ಮೀಸಲಿಟ್ಟಿತು. ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದಲ್ಲಿ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಅಧ್ಯಯನ ಮಾಡಿದಾಗ, ಹೆಂಗಸರು ಮುಖ್ಯಸ್ಥರಾದ ಪಂಚಾಯಿತಿಗಳು ಎರಡೂ ಕಡೆ ಕುಡಿಯುವ ನೀರಿಗೆ ಜಾಸ್ತಿ ಖರ್ಚು ಮಾಡಿದ್ದು ಕಂಡಿತು. ನೀರು ಹೊರುವವರಿಗೆ ನೀರಿನ ಚಿಂತೆ. ಅಮೆರಿಕದ ಸಂಸತ್ತಿನಲ್ಲಿ ಕಾರ್ಮಿಕರಾಗಿ ದುಡಿದು ಬಂದವರು ಶೇ 2ರ ಆಚೀಚೆಗಿಂತ ಹೆಚ್ಚು ಎಂದೂ ಇರಲಿಲ್ಲ ಎಂದು ನಿಕೋಲಸ್ ಕಾರ್ನ್ಸ್ ಲೆಕ್ಕ ಹಾಕಿದ್ದಾರೆ, ದುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅವರೇ ಆಗಿದ್ದರೂ.

ಮೂರನೆಯ ಬಗೆಯ ಅಧಿಕಾರ, ಅಂದರೆ ತೀರ್ಮಾನ ಜಾರಿಯಾಗುವಂತೆ ನೋಡಿಕೊಳ್ಳುವುದು, ಇದನ್ನು ನಾನು ಎಲ್ಲಕ್ಕಿಂತ ದೊಡ್ಡದು ಅಂದುಕೊಂಡಿದ್ದೇನೆ. 1994ರ ಕೊನೆಯಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಎಂಬ ಕೂಲಿಕಾರರ ಮತ್ತು ರೈತರ ಸಂಘಟನೆ ಜನರ ವಿಚಾರಣಾ ಸಭೆಗಳನ್ನು ಶುರು ಮಾಡಿತು. ಅಲ್ಲಿ ಮಾಡಿದ್ದು ಇಷ್ಟೇ: ಸರ್ಕಾರಿ ಕಾಮಗಾರಿಯ ಹಾಜರಿ ಪಟ್ಟಿ, ಬಿಲ್ಲು ತಂದು ಊರಿನವರೆದುರು ಗಟ್ಟಿಯಾಗಿ ಓದಿದರು. ಇಂಥವರು ಇಷ್ಟು ದಿನ ಕೆಲಸ ಮಾಡಿ ಇಷ್ಟು ಕೂಲಿ ಪಡೆದಿದ್ದಾರೆ. ಓದುತ್ತಾ ಹೋದಂತೆ ಸತ್ತವರ ಹೆಸರು ಬಂತು, ಊರಲ್ಲೇ ಇಲ್ಲದವರ ಹೆಸರು ಬಂತು. ಕೂತಿದ್ದವರು ಎದ್ದು, ಆ ಹಣ ನನಗೆ ಬಂದೇ ಇಲ್ಲ ಅಂದರು. ನಮ್ಮ ದುಡ್ಡು, ನಮ್ಮ ಲೆಕ್ಕ ಅನ್ನುವುದು ಅವರ ಘೋಷಣೆ. ಆ ಹೋರಾಟ ಬೆಳೆದು ದೇಶಕ್ಕೆಲ್ಲ 2005ರ ಮಾಹಿತಿ ಹಕ್ಕು ಕಾಯ್ದೆ ಬಂತು. ಚುನಾವಣೆಯಲ್ಲಿ ಅವರಿಗೆ ಮೊದಲಿಂದಲೂ ವೋಟಿತ್ತು. ಗುತ್ತಿಗೆದಾರ ನುಂಗಿದ ಕೂಲಿಯನ್ನು ವೋಟು ವಾಪಸ್ ತರಲಿಲ್ಲ. ಕಳ್ಳಲೆಕ್ಕವನ್ನು ಬಯಲಿಗೆಳೆದದ್ದು ಓದಿದ ಆ ಕಾಗದ.

ಇನ್ನೂ ಮುಂದೆ ಹೋದವರಿದ್ದಾರೆ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಿಂದ ಪಾಲಿಕೆಯ ಬಜೆಟ್‌ನ ಹೊಸ ಕಾಮಗಾರಿಗಳ ಭಾಗವನ್ನು ಬಡಾವಣೆಯ ಜನರೇ ಸಭೆ ಸೇರಿ ನಿರ್ಧರಿಸತೊಡಗಿದರು. ಸೌಕರ್ಯ ಕಡಿಮೆ ಇರುವ ಬಡಾವಣೆಗೆ ಹೆಚ್ಚು ಅಂಕ ಎಂಬ ನಿಯಮವನ್ನು ಮೊದಲೇ ಬರೆದಿಟ್ಟಿದ್ದರು. ನೀರು, ಒಳಚರಂಡಿ, ರಸ್ತೆ ಬಡವರಿರುವ ಕಡೆಗೆ ಹೋದವು. ಪ್ರಪಂಚದ ಎಷ್ಟೋ ನಗರಗಳು ಇದನ್ನು ನಕಲು ಮಾಡಿದವು. ಆದರೆ ಆಡಳಿತ ಬದಲಾಗುತ್ತಾ ಅಲ್ಲಿ ಅದರ ಕಸುವು ಹೋಯಿತು, 2017ರಲ್ಲಿ ನಿಲ್ಲಿಸಿಯೇಬಿಟ್ಟರು. ಮೇಯರ್ ಇಚ್ಛೆಯ ಮೇಲೆ ನಿಂತಿದ್ದದ್ದು ಮೇಯರ್ ಇಚ್ಛೆಯಿಂದಲೇ ಹೋಯಿತು. ಕಾನೂನಿನಲ್ಲಿ ಗಟ್ಟಿಯಾಗಿ ಬರೆಸಿಕೊಳ್ಳದ ಅಧಿಕಾರಕ್ಕೆಲ್ಲ ಈ ಅಪಾಯ ಇದ್ದೇ ಇದೆ.

ಕೊನೆಗೆ ಯಾರೂ ಹೆಚ್ಚು ಮಾತಾಡದ ಒಂದು ಅಡ್ಡಿ ಇದೆ, ಅದು ಸಮಯ. ಸಭೆಗೆ ಹೋಗಬೇಕು, ಅರ್ಜಿ ಹಾಕಬೇಕು, ವಿಚಾರಣೆಗೆ ಕೂರಬೇಕು. ಸಂಬಳದವರಿಗೆ ಅದು ಒಂದು ರಜೆ, ದಿನಗೂಲಿಯವರಿಗೆ ಅವತ್ತಿನ ಊಟ. ಪ್ರಾಚೀನ ಅಥೆನ್ಸ್‌ನವರಿಗೆ ಇದು ಗೊತ್ತಿತ್ತು. ಹೆಂಗಸರು, ಗುಲಾಮರು, ಹೊರಗಿನಿಂದ ಬಂದು ನೆಲೆಸಿದವರು ಇವರಿಗೆಲ್ಲ ಅಲ್ಲಿ ಹಕ್ಕೇ ಇರಲಿಲ್ಲ, ಅದನ್ನು ಮರೆಯುವ ಹಾಗಿಲ್ಲ. ಆದರೆ ಹಕ್ಕಿದ್ದವರಲ್ಲಿ ಬಡವರೂ ಇದ್ದರು, ಅವರು ನಿಜವಾಗಿಯೂ ಬಂದು ಕೂರಲಿ ಎಂದು ಪೆರಿಕ್ಲಿಸ್ ಎಂಬ ನಾಯಕನ ಕಾಲದಲ್ಲಿ ನ್ಯಾಯಪೀಠದಲ್ಲಿ ಕೂರುವವರಿಗೆ ದಿನಭತ್ಯೆ ಶುರು ಮಾಡಿದರು, ಮುಂದೆ ಜನಸಭೆಗೆ ಬರುವವರಿಗೂ ಕೊಟ್ಟರು. 500 ಜನರ ಮಂಡಳಿಗೆ ಚುನಾವಣೆ ಇರಲಿಲ್ಲ, ಚೀಟಿ ಎತ್ತಿದ ಹಾಗೆ ಆಯ್ಕೆ. ಚುನಾವಣೆ ಇಟ್ಟರೆ ಹೆಸರಿದ್ದವರೇ ಗೆಲ್ಲುತ್ತಾರೆ ಎಂದು ಅವರಿಗೆ ಗೊತ್ತಿತ್ತು. ಐರ್ಲೆಂಡ್ 2016ರಲ್ಲಿ ಹೀಗೇ 99 ಸಾಮಾನ್ಯ ನಾಗರಿಕರನ್ನು ಲಾಟರಿಯಂತೆ ಆರಿಸಿ ಗರ್ಭಪಾತದ ಕಾನೂನಿನಂಥ ಕಷ್ಟದ ವಿಷಯ ಒಪ್ಪಿಸಿತು. ಅವರು ಕೊಟ್ಟ ಸಲಹೆಯ ದಾರಿಯಲ್ಲೇ 2018ರ ಜನಮತಗಣನೆ ನಡೆದು, ಶೇ 66ರಷ್ಟು ಜನ ಬದಲಾವಣೆಯ ಪರ ನಿಂತರು.

ಶಾಸಕರಿಗೆ ಸಭೆಗೆ ಬಂದದ್ದಕ್ಕೆ ಭತ್ಯೆ ಇದೆ. ಯಾರೂ ಅದನ್ನು ದಂಡದ ಖರ್ಚು ಅನ್ನುವುದಿಲ್ಲ. ಗ್ರಾಮಸಭೆಗೆ, ವಾರ್ಡ್ ಸಭೆಗೆ, ಲೆಕ್ಕ ಪರಿಶೋಧನೆಯ ಸಭೆಗೆ ಕೂಲಿ ಬಿಟ್ಟು ಬರುವವರಿಗೆ ಆ ದಿನದ ಕೂಲಿ ಕೊಡಬೇಕು, ಸಭೆಯನ್ನು ಅವರು ಬರಬಲ್ಲ ಹೊತ್ತಿಗೆ ಇಡಬೇಕು, ಮತ್ತು ಅಲ್ಲಿ ಆದ ತೀರ್ಮಾನವನ್ನು ಮೇಲಿನವರು ತಿರಸ್ಕರಿಸಿದರೆ ಯಾಕೆ ಎಂದು ಬರೆದು ತಿಳಿಸುವುದು ಕಡ್ಡಾಯವಾಗಬೇಕು. ಇಷ್ಟನ್ನೂ ಮಾಡದೆ, ಬಾಗಿಲು ತೆರೆದಿತ್ತು, ಬಡವರೇ ಬರಲಿಲ್ಲ ಅನ್ನುವ ಸರ್ಕಾರದ ಮಾತನ್ನು ನಾನು ಒಪ್ಪುವುದಿಲ್ಲ.